ಸದ್ದು ಕೇಳುತ್ತದೆ, ಅಕ್ಷರ ಮೂಡುವುದಿಲ್ಲ: ಪ್ಯಾಕೆಟ್ ರೇಡಿಯೊ ಕೆಟ್ಟಾಗ ದೋಷ ಹುಡುಕುವ ಬಗೆ

ಸ್ಪೀಕರಿನಲ್ಲಿ ಪ್ಯಾಕೆಟ್‌ಗಳ ‘ಬರ್ರ್’ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ, ಸಿಗ್ನಲ್ ಮೀಟರಿನ ಮುಳ್ಳು ತುದಿ ಮುಟ್ಟುತ್ತಿರುತ್ತದೆ, ಆದರೂ ಪರದೆಯ ಮೇಲೆ ಒಂದಕ್ಷರವೂ ಮೂಡುವುದಿಲ್ಲ. ಕಂಪ್ಯೂಟರಿನ ಅಕ್ಷರಗಳನ್ನು ಚಿಕ್ಕ ಚಿಕ್ಕ ಕಟ್ಟುಗಳಾಗಿ ರೇಡಿಯೊ ಮೂಲಕ ಕಳಿಸುವ ಪ್ಯಾಕೆಟ್ ರೇಡಿಯೊ ಕಟ್ಟಿಕೊಂಡ ಹವ್ಯಾಸಿಗಳಲ್ಲಿ ಈ ಸ್ಥಿತಿಯನ್ನು ಕಾಣದವರು ವಿರಳ. ಆಗ ಮೊದಲ ಅನುಮಾನ ಬೀಳುವುದು ಟಿಎನ್‌ಸಿ ಎಂಬ ಪೆಟ್ಟಿಗೆಯ ಮೇಲೆ. ರೇಡಿಯೊಗೂ ಕಂಪ್ಯೂಟರಿಗೂ ನಡುವೆ ಕುಳಿತು ಅಕ್ಷರಗಳನ್ನು ಸ್ವರಗಳಾಗಿಯೂ ಸ್ವರಗಳನ್ನು ಅಕ್ಷರಗಳಾಗಿಯೂ ಬದಲಿಸುವ ಈ ಪೆಟ್ಟಿಗೆಯ ಮುಚ್ಚಳ ತೆರೆದು, ಒಳಗೆ ಕಂಡ, ಮಟ್ಟ ಹೊಂದಿಸುವ ಪುಟ್ಟ ತಿರುಗುಗಳಾದ ಟ್ರಿಮ್‌ಪಾಟ್‌ಗಳನ್ನೆಲ್ಲ ಸ್ಕ್ರೂಡ್ರೈವರಿನಿಂದ ತಿರುಗಿಸಿ, ಸರಿಯಿದ್ದುದನ್ನೂ ಕೆಡಿಸಿಕೊಂಡ ಬಳಿಕ ದೋಷ ಬೇರೆಲ್ಲೋ ಇತ್ತೆಂದು ತಿಳಿಯುತ್ತದೆ. ನಾನೂ ಹಾಗೆ ಮಾಡಿದವನೇ. ನಾನು ಕಂಡ ಮಟ್ಟಿಗೆ ಟಿಎನ್‌ಸಿಯೊಳಗಿನ ಐಸಿ ನಿಜವಾಗಿ ಸತ್ತಿರುವುದು ಅಪರೂಪ. ಧ್ವನಿಮಟ್ಟ, ಸಮಯ ಮತ್ತು ಕೇಬಲ್ ಈ ಮೂರರಲ್ಲಿ ಒಂದು ತಪ್ಪಿರುವುದೇ ಹೆಚ್ಚು.

ದೋಷ ಹುಡುಕುವುದು ಇಲ್ಲಿ ಕಷ್ಟವಾಗಲು ಪ್ಯಾಕೆಟ್ ಪದ್ಧತಿಯೇ ಕಾರಣ. ಮಾತಿನ ಸಂಪರ್ಕ ಕೆಡುವಾಗ ಮೊದಲು ಗೊರಗೊರ ಸದ್ದು ಸೇರುತ್ತದೆ, ಆಮೇಲೆ ಪದಗಳು ತಪ್ಪುತ್ತವೆ, ಕೊನೆಗೆ ದನಿಯೇ ಮುಳುಗುತ್ತದೆ. ಎಷ್ಟು ಕೆಟ್ಟಿದೆ ಎಂಬುದನ್ನು ಕಿವಿಯೇ ಹೇಳುತ್ತದೆ. ಪ್ಯಾಕೆಟ್‌ನಲ್ಲಿ ಈ ಮೆಟ್ಟಿಲುಗಳಿಲ್ಲ. 1984ರಲ್ಲಿ ಅಮೆರಿಕದ ಹವ್ಯಾಸಿ ರೇಡಿಯೊದವರ ಎಆರ್‌ಆರ್‌ಎಲ್ ಸಂಸ್ಥೆ ಎರಡನೆಯ ಆವೃತ್ತಿಯಾಗಿ ಪ್ರಕಟಿಸಿದ ಎಎಕ್ಸ್.25 ನಿಯಮಾವಳಿಯ ಪ್ರಕಾರ, ಪ್ರತಿ ಚೌಕಟ್ಟಿನ, ಅಂದರೆ ಒಂದೊಂದು ಪ್ಯಾಕೆಟ್ಟಿನ, ಕೊನೆಯಲ್ಲಿ 16 ಬಿಟ್‌ಗಳ ತಾಳೆಸಂಖ್ಯೆಯೊಂದು ಇರುತ್ತದೆ. ಬಂದ ಮಾಹಿತಿಯಿಂದ ರಿಸೀವರಿನ ಕಡೆಯವರು ಅದೇ ಲೆಕ್ಕವನ್ನು ಮತ್ತೆ ಮಾಡಿ, ಉತ್ತರ ತಾಳೆಯಾಗದಿದ್ದರೆ ಇಡೀ ಚೌಕಟ್ಟನ್ನು ಸದ್ದಿಲ್ಲದೆ ಎಸೆದುಬಿಡುತ್ತಾರೆ. ಒಂದು ಬಿಟ್ ತಪ್ಪಿದರೂ ಅಷ್ಟೇ, ನೂರು ತಪ್ಪಿದರೂ ಅಷ್ಟೇ. ಹೀಗಾಗಿ ಕೊಂಚ ಕೆಟ್ಟ ನಿಲ್ದಾಣವೂ ಪೂರ್ತಿ ಸತ್ತ ನಿಲ್ದಾಣವೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ. ಪದ್ಧತಿ ಬಚ್ಚಿಟ್ಟ ಆ ಮೆಟ್ಟಿಲುಗಳನ್ನು ಬೇರೆ ದಾರಿಗಳಿಂದ ಮತ್ತೆ ಕಂಡುಕೊಳ್ಳುವುದೇ ರಿಪೇರಿಯ ಬಹುಪಾಲು ಕೆಲಸ.

ಒಂದು ಸಣ್ಣ ಲೆಕ್ಕ ಇದಕ್ಕೆ ನೆರವಾಗುತ್ತದೆ. ಸಾವಿರಕ್ಕೆ ಒಂದು ಬಿಟ್ ತಪ್ಪುತ್ತಿದೆ ಎಂದುಕೊಳ್ಳೋಣ. 25 ಬೈಟ್‌ಗಳ, ಅಂದರೆ 200 ಬಿಟ್‌ಗಳ ಚೌಕಟ್ಟು ನೂರಕ್ಕೆ ಸುಮಾರು 82 ಸಲ ಪಾರಾಗುತ್ತದೆ. 100 ಬೈಟ್‌ಗಳದು 45 ಸಲ. 250 ಬೈಟ್‌ಗಳದು ಬರೀ 14 ಸಲ. ಆದುದರಿಂದ ಚಿಕ್ಕ ಚೌಕಟ್ಟುಗಳು ದಾಟಿ ದೊಡ್ಡವು ಮಾತ್ರ ಸೋಲುತ್ತಿದ್ದರೆ ದೋಷ ಚೌಕಟ್ಟಿನ ಉದ್ದಕ್ಕೂ ಹರಡಿದೆ ಎಂದರ್ಥ: ದುರ್ಬಲ ಸಿಗ್ನಲ್, ಗದ್ದಲ ಅಥವಾ ತಪ್ಪು ಧ್ವನಿಮಟ್ಟ. ಚಿಕ್ಕವೂ ದೊಡ್ಡವೂ ಸಮಾನವಾಗಿ ಸೋಲುತ್ತಿದ್ದರೆ ದೋಷ ಒಂದೇ ಕಡೆ, ಬಹುತೇಕ ಆರಂಭದಲ್ಲಿ, ಕುಳಿತಿದೆ. ಉಪಕರಣವೊಂದನ್ನೂ ಮುಟ್ಟದೆ, ಎರಡು ಅಳತೆಯ ಸಂದೇಶಗಳನ್ನು ಇಪ್ಪತ್ತಿಪ್ಪತ್ತು ಸಲ ಕಳಿಸಿ ಪಡೆಯಬಹುದಾದ ಸುಳಿವು ಇದು.

ಸ್ವರಗಳ ಸಮತೋಲ

ಅತಿ ಹೆಚ್ಚು ನಿಲ್ದಾಣಗಳು ಎಡವುವ ಜಾಗ ಧ್ವನಿಯದು, ಆದುದರಿಂದ ಅದನ್ನು ಬಿಡಿಸಿ ನೋಡಬೇಕು. ವಿಎಚ್‌ಎಫ್‌ನಲ್ಲಿ ರೂಢಿಯಲ್ಲಿರುವ 1200 ಬಾಡ್, ಅಂದರೆ ಸೆಕೆಂಡಿಗೆ 1200 ಬಿಟ್‌ಗಳ ಪ್ಯಾಕೆಟ್, ಬೆಲ್ 202 ಎಂಬ ಹಳೆಯ ಟೆಲಿಫೋನ್ ಮೋಡೆಮ್‌ನ ಎರಡು ಸ್ವರಗಳನ್ನು ಬಳಸುತ್ತದೆ. ಒಂದು 1200 ಹರ್ಟ್ಸ್, ಇನ್ನೊಂದು 2200 ಹರ್ಟ್ಸ್. ಒಂದು ಬಿಟ್‌ನ ಅವಧಿ ಸುಮಾರು 833 ಮೈಕ್ರೊಸೆಕೆಂಡ್. ಸೊನ್ನೆ ಕಳಿಸಬೇಕಾದಾಗ ಸ್ವರ ಬದಲಾಗುತ್ತದೆ, ಒಂದು ಕಳಿಸಬೇಕಾದಾಗ ಬದಲಾಗದೆ ಹಾಗೇ ಉಳಿಯುತ್ತದೆ. ಮಾಹಿತಿ ಇರುವುದು ಸ್ವರದಲ್ಲಲ್ಲ, ಸ್ವರದ ಬದಲಾವಣೆಯಲ್ಲಿ. ಹಾಗಾಗಿ ಎರಡು ಸ್ವರಗಳು ಅದಲುಬದಲಾದವೇನೋ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಎರಡು ಸ್ವರಗಳ ಗಟ್ಟಿತನ ಹೆಚ್ಚುಕಡಿಮೆ ಸಮನಾಗಿರಬೇಕು. ಒಂದು ಜೋರಾಗಿ ಇನ್ನೊಂದು ಕ್ಷೀಣವಾಗಿ ಬಂದರೆ ಮೋಡೆಮ್ ಬದಲಾವಣೆಯ ಕ್ಷಣವನ್ನು ತಪ್ಪಾಗಿ ಗುರುತಿಸುತ್ತದೆ.

ಎಫ್‌ಎಂ ರೇಡಿಯೊಗಳ ಒಂದು ಹಳೆಯ ಅಭ್ಯಾಸದಿಂದಾಗಿ ಈ ಅಸಮತೋಲ ಬರುತ್ತದೆ. ಮೈಕ್ ಮೂಲಕ ಹೋದ ಧ್ವನಿಯಲ್ಲಿ ಟ್ರಾನ್ಸ್‌ಮಿಟರ್ ತಾರಸ್ವರಗಳನ್ನು ಎತ್ತುತ್ತದೆ, ಆವರ್ತನ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್‌ನಂತೆ. ರಿಸೀವರ್ ಸ್ಪೀಕರಿಗೆ ಕೊಡುವ ಮೊದಲು ಅಷ್ಟೇ ತಗ್ಗಿಸುತ್ತದೆ. ಎರಡೂ ಕಡೆ ಈ ಶಾಸ್ತ್ರ ನಡೆದರೆ ಲೆಕ್ಕ ಸರಿಹೋಗುತ್ತದೆ. ಕಳಿಸುವವರು ಡೇಟಾ ಜಾಕ್ ಮೂಲಕ ಎತ್ತದ ಧ್ವನಿಯನ್ನು ಕೊಟ್ಟು, ಪಡೆಯುವವರು ಸ್ಪೀಕರಿನಿಂದ ತಗ್ಗಿದ ಧ್ವನಿಯನ್ನು ತೆಗೆದುಕೊಂಡರೆ 2200ರ ಸ್ವರ 1200ರದಕ್ಕಿಂತ ಸುಮಾರು 5.3 ಡೆಸಿಬೆಲ್ ಕುಗ್ಗುತ್ತದೆ. ಮೈಕ್‌ನಿಂದ ಎತ್ತಿ ಕಳಿಸಿದ್ದನ್ನು ಡಿಸ್ಕ್ರಿಮಿನೇಟರಿನಿಂದಲೇ (ರಿಸೀವರಿನಲ್ಲಿ ತಗ್ಗಿಸುವ ಮೊದಲಿನ ಧ್ವನಿ ಸಿಗುವ ಜಾಗ) ಪಡೆದರೆ ಅಷ್ಟೇ ಹೆಚ್ಚುತ್ತದೆ. ಎರಡೂ ನಿಲ್ದಾಣಗಳು ತಮ್ಮತಮ್ಮಷ್ಟಕ್ಕೆ ಸರಿಯಾಗಿದ್ದು, ಕೂಡಿದಾಗ ಮಾತ್ರ ಕೆಲಸ ಮಾಡದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅಮೆರಿಕದ ಹವ್ಯಾಸಿಯೊಬ್ಬರು ತಯಾರಿಸಿದ ಪರೀಕ್ಷಾ ಸಿಡಿಯಲ್ಲಿ ನೂರು ಪ್ಯಾಕೆಟ್‌ಗಳನ್ನು ಒಮ್ಮೆ ತಗ್ಗಿಸಿ, ಒಮ್ಮೆ ತಗ್ಗಿಸದೆ ಮುದ್ರಿಸಿರುವುದು ಡಿಕೋಡರ್ ಈ ಎರಡನ್ನೂ ಹೇಗೆ ತಾಳಿಕೊಳ್ಳುತ್ತದೆ ಎಂದು ನೋಡುವುದಕ್ಕಾಗಿಯೇ.

ಇದಕ್ಕಿಂತ ಸಾಮಾನ್ಯವಾದ ತಪ್ಪು ಇನ್ನೊಂದಿದೆ. ಪ್ಯಾಕೆಟ್ ತಲುಪುತ್ತಿಲ್ಲ ಎಂದೊಡನೆ ಕೈ ತಾನಾಗಿ ಟಿಎನ್‌ಸಿಯ ಔಟ್‌ಪುಟ್ ಪಾಟ್ ಕಡೆಗೆ ಹೋಗಿ ಧ್ವನಿಯನ್ನು ಹೆಚ್ಚಿಸುತ್ತದೆ. ಟ್ರಾನ್ಸ್‌ಮಿಟರ್ ಮೊದಲು ತಾರಸ್ವರವನ್ನು ಎತ್ತಿ, ಆಮೇಲೆ ಮಿತಿ ಮೀರಿದ್ದನ್ನು ಕತ್ತರಿಸುತ್ತದೆ. ಧ್ವನಿ ಹೆಚ್ಚಾದಾಗ ಕತ್ತರಿಗೆ ಮೊದಲು ಸಿಗುವುದು 2200ರ ಸ್ವರವೇ. ಎರಡೂ ಸ್ವರಗಳು ಕತ್ತರಿಯ ಎತ್ತರಕ್ಕೆ ಸಮನಾಗಿ ಹೊರಟು, ಆಚೆ ಬದಿಯಲ್ಲಿ ತಗ್ಗಿಸಿದಾಗ 2200ರದು ಮಾತ್ರ ಸೊರಗುತ್ತದೆ. ಅಂದರೆ ಧ್ವನಿ ಹೆಚ್ಚಿಸಿದಷ್ಟೂ ಫಲಿತಾಂಶ ಕೆಡುತ್ತದೆ, ಕಿವಿಗೆ ಮಾತ್ರ ‘ಒಳ್ಳೆಯ ಜೋರು ಸಿಗ್ನಲ್’ ಎನಿಸುತ್ತದೆ.

ಸರಿಯಾದ ಮಟ್ಟ ಎಂದರೆ 3ರಿಂದ 3.5 ಕಿಲೋಹರ್ಟ್ಸ್‌ನಷ್ಟು ಡೀವಿಯೇಷನ್, ಅಂದರೆ ಧ್ವನಿಗೆ ತಕ್ಕಂತೆ ರೇಡಿಯೊದ ಆವರ್ತನ ಅತ್ತಿತ್ತ ಸರಿಯುವ ಅಳತೆ. ಅದನ್ನು ಅಳೆಯುವ ಸರ್ವಿಸ್ ಮಾನಿಟರ್ ಮನೆಯಲ್ಲಿರುವುದಿಲ್ಲ, ಹಳಬರ ಉಪಾಯವೊಂದಿದೆ. ಆಂಟೆನಾ ಬದಲು, ಶಕ್ತಿಯನ್ನು ಶಾಖವಾಗಿ ನುಂಗುವ ಡಮ್ಮಿ ಲೋಡ್ ಹಾಕಿ, ಟಿಎನ್‌ಸಿಗೆ ಕ್ಯಾಲಿಬ್ರೇಟ್ ಆದೇಶ ಕೊಟ್ಟು ತಾರಸ್ವರವನ್ನು ನಿಲ್ಲಿಸದೆ ಕಳಿಸುತ್ತಾ, ಪಕ್ಕದ ಇನ್ನೊಂದು ರೇಡಿಯೊದಲ್ಲಿ ಆಲಿಸಬೇಕು. ಪಾಟನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತಿರುಗಿಸುತ್ತಾ ಹೋದರೆ ಒಂದು ಹಂತದವರೆಗೆ ಸ್ವರ ಜೋರಾಗುತ್ತದೆ, ಆಮೇಲೆ ಜೋರಾಗುವುದು ನಿಲ್ಲುತ್ತದೆ. ಅಲ್ಲಿಂದ ಹಿಂದಕ್ಕೆ, ಗಟ್ಟಿತನ ಸುಮಾರು ಅರ್ಧಕ್ಕೆ ಇಳಿದಂತೆ ಕೇಳುವವರೆಗೆ ತಿರುಗಿಸಿದರೆ ಬೇಕಾದ ಮಟ್ಟದ ಸಮೀಪ ಬಂದಂತೆ. ಈಗ ಅಗ್ಗದ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರಿಸೀವರ್) ಇದ್ದವರು ಅಗಲವನ್ನು ಪರದೆಯ ಮೇಲೆಯೇ ನೋಡಬಹುದು. 3 ಕಿಲೋಹರ್ಟ್ಸ್ ಡೀವಿಯೇಷನ್‌ಗೆ ಸಿಗ್ನಲ್ ಸುಮಾರು 10 ಕಿಲೋಹರ್ಟ್ಸ್ ಅಗಲವಿರಬೇಕು. ಇಪ್ಪತ್ತರ ಹತ್ತಿರ ಕಂಡರೆ ಪಾಟ್ ಎಲ್ಲಿದೆ ಎಂದು ಹೇಳಬೇಕಾಗಿಲ್ಲ.

ಪಡೆಯುವ ಬದಿಗೆ ಇಂದಿನ ದಿನ ಸಿಕ್ಕಿರುವ ಒಳ್ಳೆಯ ಸಾಕ್ಷಿ ಸೌಂಡ್‌ಕಾರ್ಡ್. ಟಿಎನ್‌ಸಿಗೆ ಹೋಗುವ ಧ್ವನಿಯನ್ನೇ ಕವಲೊಡೆಸಿ ಕಂಪ್ಯೂಟರಿಗೂ ಕೊಟ್ಟು, ಡೈರ್‌ವುಲ್ಫ್ ಎಂಬ, ಪ್ಯಾಕೆಟ್ ಓದುವ ಉಚಿತ ತಂತ್ರಾಂಶವನ್ನು ಓಡಿಸಬೇಕು. ಅದು ಓದಿ ಟಿಎನ್‌ಸಿ ಓದದಿದ್ದರೆ ದೋಷ ಟಿಎನ್‌ಸಿಯದು. ಎರಡೂ ಓದದಿದ್ದರೆ ಪೆಟ್ಟಿಗೆಯ ಮುಚ್ಚಳ ತೆರೆಯುವ ಕಾರಣವೇ ಇಲ್ಲ. ಪ್ರತಿ ಪ್ಯಾಕೆಟ್ ಜೊತೆಗೆ ಅದು ಧ್ವನಿಮಟ್ಟವನ್ನೂ ಮುದ್ರಿಸುತ್ತದೆ: 48, ಪಕ್ಕದ ಆವರಣದಲ್ಲಿ 22 ಓರೆಗೆರೆ 11 ಎಂಬಂತೆ. ಮೊದಲ ಸಂಖ್ಯೆ ಒಟ್ಟು ಮಟ್ಟ, 50ರ ಆಸುಪಾಸಿನಲ್ಲಿರುವುದು ಲೇಸು. ಒಳಗಿನ ಎರಡು ಸಂಖ್ಯೆಗಳು ಎರಡು ಸ್ವರಗಳ ಗಟ್ಟಿತನ. 22ಕ್ಕೆ 11 ಎಂದರೆ ತಾರಸ್ವರ ಅರ್ಧಕ್ಕೆ ಇಳಿದಿದೆ, 6 ಡೆಸಿಬೆಲ್ ಕೊರತೆ. ಮೇಲೆ ಹೇಳಿದ ಎತ್ತುವ-ತಗ್ಗಿಸುವ ಲೆಕ್ಕ ಎಲ್ಲೋ ತಪ್ಪಿದೆ ಎಂಬುದು ಆ ಒಂದು ಸಾಲಿನಲ್ಲೇ ಇದೆ. ಒಂದೇ ನಿಲ್ದಾಣದ ಪ್ಯಾಕೆಟ್‌ಗಳಲ್ಲಿ ಮಾತ್ರ ಹೀಗಿದ್ದರೆ ಅದು ಅವರ ದೋಷ. ಎಲ್ಲರ ಪ್ಯಾಕೆಟ್‌ಗಳಲ್ಲೂ ಹೀಗೇ ಇದ್ದರೆ ನಮ್ಮದು.

9600 ಬಾಡ್‌ನ ವಿಷಯ ಬೇರೆ. ಅಲ್ಲಿ ಸ್ವರಗಳೇ ಇಲ್ಲ, ತರಂಗವನ್ನು ನೇರವಾಗಿ ಮಾಡ್ಯುಲೇಟರಿಗೆ ಕೊಡಬೇಕು, ಡಿಸ್ಕ್ರಿಮಿನೇಟರಿನಿಂದ ನೇರವಾಗಿ ಪಡೆಯಬೇಕು. ಮೈಕ್ ಮತ್ತು ಸ್ಪೀಕರ್ ಜಾಕ್‌ಗಳು ಕೆಲಸಕ್ಕೆ ಬಾರವು. ಆರು ಪಿನ್‌ಗಳ ಮಿನಿ ಡಿನ್ ಡೇಟಾ ಜಾಕ್‌ನಲ್ಲಿ 9600ರ ಧ್ವನಿ ನಾಲ್ಕನೆಯ ಪಿನ್‌ನಲ್ಲಿ, 1200ರದು ಐದನೆಯದರಲ್ಲಿ ಬರುತ್ತದೆ. ತಂತಿಯನ್ನು ಪಕ್ಕದ ಪಿನ್‌ಗೆ ಬೆಸೆದದ್ದು, ಇಲ್ಲವೇ ರೇಡಿಯೊದ ಮೆನುವಿನಲ್ಲಿ ವೇಗ ಬದಲಿಸಲು ಮರೆತದ್ದು, ಇವೆರಡೇ ನನಗೆ ಕಂಡ ದೋಷಗಳು.

ಆರಂಭ ಕಳೆದುಹೋದಾಗ

ಟ್ರಾನ್ಸ್‌ಮಿಟ್ ಗುಂಡಿ ಒತ್ತಿದ ಕ್ಷಣದಲ್ಲೇ ರೇಡಿಯೊ ಪೂರ್ಣ ಶಕ್ತಿಯಲ್ಲಿ ಹೊರಡುವುದಿಲ್ಲ. ರಿಲೇ ಹೊರಳಬೇಕು, ಸಿಂಥಸೈಜರ್ ಆವರ್ತನಕ್ಕೆ ಬಂದು ನಿಲ್ಲಬೇಕು. ಅಷ್ಟು ಹೊತ್ತು ಕಾಯಲೆಂದೇ ಟಿಎನ್‌ಸಿಯಲ್ಲಿ ಟಿಎಕ್ಸ್‌ಡಿಲೇ ಎಂಬ ನಿಯತಾಂಕವಿದೆ. ಅದರ ಒಂದು ಅಂಕ 10 ಮಿಲಿಸೆಕೆಂಡ್. 30 ಎಂದಿಟ್ಟರೆ 300 ಮಿಲಿಸೆಕೆಂಡ್ ಕಾಲ ಬರೀ ಆರಂಭಚಿಹ್ನೆಗಳು ಹೋಗಿ ಆಮೇಲೆ ಚೌಕಟ್ಟು ಹೊರಡುತ್ತದೆ. ಇದು ಸಾಲದಿದ್ದರೆ ವಿಳಾಸದ ಭಾಗವೇ ಕತ್ತರಿಸಿ ಹೋಗಿ, ಚಿಕ್ಕದೂ ದೊಡ್ಡದೂ ಸಮಾನವಾಗಿ ಸೋಲುತ್ತವೆ. ಅನುಮಾನ ಬಂದಾಗ ಒಮ್ಮೆಲೇ 60ಕ್ಕೆ ಏರಿಸಿ ನೋಡಬೇಕು. ಕೆಲಸ ಮಾಡಿದರೆ ಐದೈದರಂತೆ ಇಳಿಸುತ್ತಾ ಸೋಲುವ ಹಂತವನ್ನು ಕಂಡುಕೊಂಡು, ಅದಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಬೇಕು.

ಪಡೆಯುವ ಕಡೆಯಲ್ಲೂ ಆರಂಭ ಕಳೆಯಬಹುದು. ಹ್ಯಾಂಡ್‌ಹೆಲ್ಡ್ ರೇಡಿಯೊಗಳಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆಯೊಂದಿದ್ದು, ಸಿಗ್ನಲ್ ಇಲ್ಲದಾಗ ರಿಸೀವರ್ ಆಗಾಗ ತೂಕಡಿಸುತ್ತದೆ. ಮಾತಿನಲ್ಲಿ ಮೊದಲಕ್ಷರ ನುಂಗಿಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಪ್ಯಾಕೆಟ್‌ನಲ್ಲಿ ಇಡೀ ಚೌಕಟ್ಟು ಹೋಗುತ್ತದೆ. ಕೆಲವು ಪ್ಯಾಕೆಟ್ ಮಾತ್ರ, ಯಾವ ಕ್ರಮವೂ ಇಲ್ಲದೆ ತಪ್ಪುತ್ತಿದ್ದರೆ ಮೊದಲು ಆ ವ್ಯವಸ್ಥೆಯನ್ನು ಮೆನುವಿನಲ್ಲಿ ನಿಲ್ಲಿಸಬೇಕು. ಸಿಗ್ನಲ್ ಇಲ್ಲದಾಗ ಗೊರಗೊರ ಸದ್ದನ್ನು ಅಡಗಿಸುವ ಸ್ಕ್ವೆಲ್ಚ್ ಬಿಗಿಯಾಗಿದ್ದರೆ ಅದು ಕೂಡ ಇದೇ ಕೆಲಸ ಮಾಡುತ್ತದೆ.

ಆದರೆ ಸ್ಕ್ವೆಲ್ಚ್ ಪೂರ್ತಿ ತೆರೆದಿಟ್ಟರೆ ಮತ್ತೊಂದು ತೊಂದರೆ ಕಾದಿರುತ್ತದೆ. ದಾರಿಯಲ್ಲಿ ಬೇರೆಯವರಿದ್ದಾಗ ಟಿಎನ್‌ಸಿ ಕಳಿಸದೆ ಕಾಯುತ್ತದೆ. ಬೇರೆಯವರಿದ್ದಾರೆಂದು ಸೂಚಿಸುವುದು ಡಿಸಿಡಿ ದೀಪ. ಹಳೆಯ ಮೋಡೆಮ್ ಐಸಿಗಳು ಬರೀ ಗೊರಗೊರ ಸದ್ದನ್ನೂ ಸಿಗ್ನಲ್ ಎಂದು ನಂಬುತ್ತವೆ. ದೀಪ ಸದಾ ಉರಿಯುತ್ತದೆ, ಪ್ಯಾಕೆಟ್‌ಗಳು ಸರದಿಗಾಗಿ ಕಾಯುತ್ತಲೇ ಇರುತ್ತವೆ, ‘ಪಿಟಿಟಿ ಕೆಟ್ಟಿದೆ’ (ಟಿಎನ್‌ಸಿಯಿಂದ ಟ್ರಾನ್ಸ್‌ಮಿಟ್ ಒತ್ತುವ ತಂತಿ) ಎಂದು ಕೇಬಲ್ ಬಿಚ್ಚಲಾಗುತ್ತದೆ. ಸ್ಕ್ವೆಲ್ಚ್ ಗುಂಡಿಯನ್ನು ಸದ್ದು ಆಗಷ್ಟೇ ಅಡಗುವಷ್ಟು ತಿರುಗಿಸಿದರೆ ನಿಂತಿದ್ದ ಪ್ಯಾಕೆಟ್‌ಗಳೆಲ್ಲ ಒಂದರ ಹಿಂದೆ ಒಂದು ಹೊರಡುತ್ತವೆ.

ಕಡಿಮೆ ಶಕ್ತಿಯಲ್ಲಿ ಸರಿಯಾಗಿದ್ದು ಹೆಚ್ಚು ಶಕ್ತಿಯಲ್ಲಿ ಟ್ರಾನ್ಸ್‌ಮಿಟ್ ಬಿಡದೆ ಅಂಟಿಕೊಂಡರೆ ಅಥವಾ ಟಿಎನ್‌ಸಿ ತಾನಾಗಿ ರೀಸೆಟ್ ಆದರೆ, ಆಂಟೆನಾದ ಶಕ್ತಿ ಕೇಬಲ್‌ಗಳ ಮೂಲಕ ಹಿಂತಿರುಗುತ್ತಿದೆ. 145 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗದ ಉದ್ದ ಸುಮಾರು 52 ಸೆಂಟಿಮೀಟರ್. ರೇಡಿಯೊದಿಂದ ಟಿಎನ್‌ಸಿಗೆ ನಾವು ಎಳೆಯುವ ತಂತಿಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಡಮ್ಮಿ ಲೋಡ್ ಹಾಕಿದಾಗ ದೋಷ ಮಾಯವಾದರೆ ಅನುಮಾನವೇ ಉಳಿಯುವುದಿಲ್ಲ. ಶೀಲ್ಡ್ ತಂತಿ, ಅದರ ಮೇಲೆ ಫೆರೈಟ್ ಉಂಗುರ, ಆಂಟೆನಾವನ್ನು ಮೇಜಿನಿಂದ ದೂರ ಸರಿಸುವುದು, ಇಷ್ಟು ಸಾಕು.

ಕರಾವಳಿಯಿಂದ ಬಂದ ಪೆಟ್ಟಿಗೆ

ಇಷ್ಟೆಲ್ಲ ಪರೀಕ್ಷೆ ದಾಟಿಯೂ ಬೆರಳು ಟಿಎನ್‌ಸಿಯತ್ತಲೇ ತೋರಿದರೆ ಮುಚ್ಚಳ ತೆಗೆಯಬೇಕು. ಅಮೆರಿಕದ ಟೂಸಾನ್‌ನಲ್ಲಿ ಹುಟ್ಟಿದ ಟಾಪರ್ ಎಂಬ ಹವ್ಯಾಸಿಗಳ ಕೂಟ 1985ರಲ್ಲಿ ಹೊರತಂದ ಟಿಎನ್‌ಸಿ-2 ಎಂಬ ವಿನ್ಯಾಸವನ್ನು ಅನೇಕ ತಯಾರಕರು ನಕಲು ಮಾಡಿದ್ದರಿಂದ, ಹೊರಗಿನ ಹೆಸರು ಏನೇ ಇದ್ದರೂ ಒಳಗೆ ಕಾಣುವುದು ಹೆಚ್ಚಾಗಿ ಅದೇ ಸಂಸಾರ: ಜೆಡ್-80 ಪ್ರೊಸೆಸರ್, ಪ್ರೋಗ್ರಾಂ ಇರುವ ಇಪ್ರಾಮ್, ಬ್ಯಾಟರಿಯ ಆಸರೆಯಿರುವ ರ‍್ಯಾಮ್, ಒಂದು ಮೋಡೆಮ್. ಒಂದರ ಸರ್ಕ್ಯೂಟ್ ನಕ್ಷೆ ಹಲವಕ್ಕೆ ಆಗಿಬರುತ್ತದೆ.

ಉಡುಪಿಯ ಕಡೆಯ ಮನೆಯೊಂದರ ಅಟ್ಟದಲ್ಲಿ ಹಲವು ಮಳೆಗಾಲ ಕಳೆದ ಅಂಥದೊಂದು ಪೆಟ್ಟಿಗೆ ನನ್ನ ಮೇಜಿಗೆ ಬಂದಿತ್ತು. ವಿದ್ಯುತ್ ಕೊಟ್ಟಾಗ ಕನೆಕ್ಟ್ ಮತ್ತು ಸ್ಟೇಟಸ್ ದೀಪಗಳು ಹೊತ್ತಿಕೊಂಡು ಹಾಗೇ ಉರಿಯುತ್ತಿದ್ದವು. ಈ ವಿನ್ಯಾಸದಲ್ಲಿ ಅವು ಒಂದು ಸೆಕೆಂಡಿನಷ್ಟು ಬೆಳಗಿ ಆರಬೇಕು, ಆರಿಸುವುದು ಪ್ರೋಗ್ರಾಂ. ಆರದಿದ್ದರೆ ಪ್ರೊಸೆಸರ್ ಓಡುತ್ತಿಲ್ಲ. ರೆಗ್ಯುಲೇಟರಿನಲ್ಲಿ 5 ವೋಲ್ಟ್ ಸರಿಯಾಗಿತ್ತು. ಪ್ರೊಸೆಸರಿನ ಕ್ಲಾಕ್ ಕಾಲಿನಲ್ಲಿ ಆಸಿಲೋಸ್ಕೋಪ್ ಗಡಿಯಾರದ ತರಂಗವನ್ನೂ ತೋರಿಸಿತು. ಉಳಿದದ್ದು ಇಪ್ರಾಮ್. ಅದನ್ನು ಮೆಲ್ಲಗೆ ಮೀಟಿ ಎತ್ತಿದಾಗ ಕಾಲುಗಳು ಕಪ್ಪಾಗಿದ್ದವು, ಉಪ್ಪುಗಾಳಿಯ ಕೆಲಸ. ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಸಾಕೆಟ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು, ಎರಡು ಮೂರು ಸಲ ತೆಗೆದು ಹಾಕಿ ಕೂರಿಸಿದೆ. ಗಾಜಿನ ಕಿಟಕಿಯ ಮೇಲಿನ ಚೀಟಿ ಕಳಚುವಂತಿತ್ತು, ಹೊಸದಾಗಿ ಅಂಟಿಸಿದೆ. ಆ ಕಿಟಕಿಗೆ ಬಹುಕಾಲ ಬಿಸಿಲು ತಾಗಿದರೆ ಒಳಗಿನ ಪ್ರೋಗ್ರಾಂ ಅಳಿಸಿಹೋಗುತ್ತದೆ. ಈ ಸಲ ದೀಪಗಳು ಹೊತ್ತಿ ಆರಿದವು.

ಪರದೆಯ ಮೇಲೆ ಮಾತ್ರ ವಿಚಿತ್ರ ಅಕ್ಷರಗಳು. ಟಿಎನ್‌ಸಿ ಆದೇಶಕ್ಕೆ ಸಿದ್ಧವಾದಾಗ ಇಂಗ್ಲಿಷಿನ ಸಿ, ಎಂ, ಡಿ ಅಕ್ಷರಗಳನ್ನೂ ಒಂದು ಕೋಲನ್ ಚಿಹ್ನೆಯನ್ನೂ ತೋರಿಸಬೇಕು. ಇಲ್ಲಿ ಸಿ ಮತ್ತು ಕೋಲನ್ ಸರಿಯಾಗಿದ್ದವು, ನಡುವಿನ ಎರಡು ಮಾತ್ರ ಮೇಲೆ ಚುಕ್ಕೆ-ಗೆರೆಗಳಿರುವ ಯುರೋಪಿನ ಅಕ್ಷರಗಳಾಗಿದ್ದವು. ವೇಗ ತಪ್ಪಿದ್ದರೆ ಎಲ್ಲವೂ ಕೆಡಬೇಕಿತ್ತು. ಕೆಲವಷ್ಟೇ ಕೆಟ್ಟಿವೆ ಎಂದರೆ ಅದು ಪ್ಯಾರಿಟಿಯ, ಅಂದರೆ ತಾಳೆ ನೋಡಲು ಸೇರಿಸುವ ಬಿಟ್ಟಿನ, ಗುರುತು. ಸಿ ಮತ್ತು ಕೋಲನ್‌ಗಳ ಸಂಕೇತದಲ್ಲಿ ನಾಲ್ಕು ನಾಲ್ಕು ಒಂದುಗಳಿವೆ, ಸಮಸಂಖ್ಯೆ. ಎಂನಲ್ಲಿ ಐದು, ಡಿಯಲ್ಲಿ ಮೂರು. ಬೆಸ ಇದ್ದಲ್ಲಿ ಟಿಎನ್‌ಸಿ ಎಂಟನೆಯ ಬಿಟ್ಟನ್ನು ಏರಿಸಿ ಸಮ ಮಾಡುತ್ತದೆ, ನನ್ನ ಟರ್ಮಿನಲ್ ಅದನ್ನೂ ಅಕ್ಷರದ ಭಾಗವೆಂದು ಓದುತ್ತಿತ್ತು. ಟರ್ಮಿನಲ್ಲನ್ನು 7 ಬಿಟ್, ಸಮ ಪ್ಯಾರಿಟಿಗೆ ಬದಲಿಸಿದೆ. ಹುಟ್ಟುನಿಯತಾಂಕಗಳಿಗೆ, ಅಂದರೆ ತಯಾರಿಕೆಯಲ್ಲೇ ಇಟ್ಟ ಈ ಹೊಂದಿಕೆಗಳಿಗೆ, ಪೆಟ್ಟಿಗೆ ಮರಳಿದೆ ಎಂದರೆ ರ‍್ಯಾಮ್‌ನ ಬ್ಯಾಟರಿ ಸತ್ತಿದೆ ಎಂದೂ ಅದರಿಂದಲೇ ತಿಳಿಯಿತು. ಹೊಸ 3 ವೋಲ್ಟಿನ ಲಿಥಿಯಂ ಕೋಶ ಹಾಕಿ ಕರೆಸಂಕೇತವನ್ನು ಮತ್ತೆ ತುಂಬಿಸಿದೆ. ಇದೇ ಜಾತಿಯ ಪೆಟ್ಟಿಗೆ ಏನನ್ನೂ ತೋರಿಸದೆ ಮೌನವಾಗಿದ್ದರೆ, ಹಿಂದಿನ ಮಾಲೀಕರು ಅದನ್ನು ಕಂಪ್ಯೂಟರಿನ ತಂತ್ರಾಂಶದೊಂದಿಗೆ ಮಾತ್ರ ಮಾತಾಡುವ ಕಿಸ್ ಎಂಬ ಸ್ಥಿತಿಯಲ್ಲಿ ಬಿಟ್ಟಿರಬಹುದು. 192, 255, 192 ಎಂಬ ಮೂರು ಬೈಟ್‌ಗಳನ್ನು ಕಳಿಸಿದರೆ ಅದು ಹೊರಬರುತ್ತದೆ. ಸತ್ತಿತೆಂದು ಗುಜರಿಗೆ ಹಾಕುವ ಮೊದಲು ಇದೊಂದನ್ನು ಮಾಡಲೇಬೇಕು.

ಕೊನೆಗೆ ಮೋಡೆಮ್. ಈ ಪೆಟ್ಟಿಗೆಯಲ್ಲಿದ್ದದ್ದು ಟಿಸಿಎಂ3105, ತಯಾರಿಕೆ ನಿಂತು ಬಹಳ ಕಾಲವಾದ ಐಸಿ. ಸ್ವರಗಳು ಹೊರಡುತ್ತಲೇ ಇರಲಿಲ್ಲ. ಆ ಐಸಿ ಎರಡೂ ಸ್ವರಗಳನ್ನು 4.4336 ಮೆಗಾಹರ್ಟ್ಸ್‌ನ ಸ್ಫಟಿಕವೊಂದರಿಂದ ಹುಟ್ಟಿಸುತ್ತದೆ. ಸ್ಫಟಿಕದ ಕಾಲಿನಲ್ಲಿ ಆಸಿಲೋಸ್ಕೋಪ್ ಬರೀ ನೇರ ಗೆರೆ ತೋರಿಸಿತು. ಈ ವಿಚಿತ್ರ ಸಂಖ್ಯೆ ನಮಗೆ ಅಪರಿಚಿತವೇನಲ್ಲ. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ಭಾರತ ಆರಿಸಿಕೊಂಡ ಪಾಲ್ ಪದ್ಧತಿಯಲ್ಲಿ ಬಣ್ಣವನ್ನು ಹೊರುವ ಉಪವಾಹಕದ ಆವರ್ತನ ಇದೇ. ಹಾಗಾಗಿ ಹಳೆಯ ಬಣ್ಣದ ಟೀವಿಯ ಬೋರ್ಡಿನಲ್ಲಿ ಇದು ಸಿಗುತ್ತದೆ. ನನಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರ ಡಬ್ಬಿಯಲ್ಲಿ ಸಿಕ್ಕಿತು.

ಪರೀಕ್ಷೆಗೆ ಸುತ್ತಮುತ್ತ ಪ್ಯಾಕೆಟ್ ಕಳಿಸುವವರು ಯಾರೂ ಇಲ್ಲದಿದ್ದರೂ ತಲೆಯ ಮೇಲೆ ಒಬ್ಬರಿದ್ದಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ಉಪಕರಣ ಪ್ಯಾಕೆಟ್ ಮರುಪ್ರಸಾರಕ್ಕಿರುವ ದಿನಗಳಲ್ಲಿ 145.825 ಮೆಗಾಹರ್ಟ್ಸ್‌ನಲ್ಲಿ 1200 ಬಾಡ್‌ನಲ್ಲೇ ಮಾತಾಡುತ್ತದೆ. ನಿಲ್ದಾಣದ ವೇಗದಿಂದಾಗಿ ಆವರ್ತನ ಸರಿಯುವ ಡಾಪ್ಲರ್ ಪಲ್ಲಟ ಹೆಚ್ಚೆಂದರೆ 3.5 ಕಿಲೋಹರ್ಟ್ಸ್‌ನಷ್ಟಾದ್ದರಿಂದ ಸಾಧಾರಣ ಎಫ್‌ಎಂ ರಿಸೀವರ್ ಅದನ್ನು ಹೊಂದಿಸದೆಯೂ ತಾಳಿಕೊಳ್ಳುತ್ತದೆ. ಹತ್ತು ನಿಮಿಷದ ಒಂದು ಹಾಯುವಿಕೆಗೆ ಪೆಟ್ಟಿಗೆಯನ್ನು ಅಂಗಳಕ್ಕೆ ತಂದು, ಕಿವಿಗೆ ಬಿದ್ದ ಪ್ರತಿ ‘ಬರ್ರ್’ಗೂ ಕಾಗದದ ಮೇಲೆ ಒಂದೊಂದು ಗೆರೆ ಹಾಕುತ್ತಾ ಹೋದೆ. ಗೆರೆಗಳು ಹನ್ನೊಂದಾದವು, ಪರದೆಯ ಮೇಲಿನ ಸಾಲುಗಳು ಎಂಟು. ತಪ್ಪಿದ ಮೂರೂ, ಬಾಹ್ಯಾಕಾಶ ನಿಲ್ದಾಣ ತೆಂಗಿನ ಮರಗಳ ಹಿಂದೆ ಇಳಿಯುತ್ತಿದ್ದಾಗ, ಗೊರಗೊರ ಕಿವಿಗೇ ಕೇಳಿಸುತ್ತಿದ್ದಾಗ ಬಂದವು.